ಬಿಟ್ಟ ಸ್ಥಳ

ಹಿಡಿ ಕಳಚಿ ಕೈಗೇ ಬಂತು. ಬಾಗಿಲು ಮಾತ್ರ ಬರಲಿಲ್ಲ.

ಇದು ಕಟ್ಟಿದ ಕಥೆಯಲ್ಲ, ಕಟ್ಟಿಹಾಕಿದ ಕಥೆ. ಆದದ್ದು ಆದ ಹಾಗೇ ಇದೆ. ಸಿಕ್ಕಿಬಿದ್ದವನು ಮಂದ್ರ. ಸಿಕ್ಕಿಬಿದ್ದ ಜಾಗ ಸ್ಟುಡಿಯೋದ ಒಳಕೋಣೆ: ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಅಗಲ, ಗೋಡೆ ತುಂಬ ಸ್ಪಂಜು, ನಡುವೆ ಒಂದು ಮೈಕು. ಬಾಗಿಲು ಬಡಿದರೆ ಆ ಸದ್ದು ಸ್ಪಂಜಿಗೆ ಊಟ. ಮೈಕಿನಲ್ಲಿ ಕೂಗಿದರೆ ಹೊರಗಿನವರಿಗೆ ಕೇಳುತ್ತದೆ. ಕೂಗಲೆಂದೇ ಬಾಯಿ ತೆರೆದ.

ಅಷ್ಟರಲ್ಲಿ ಹೆಡ್‌ಫೋನಿನಲ್ಲಿ ಡೊಳ್ಳನ ದನಿ ಬಂತು. "ಹಾಗಾದ್ರೆ ಮಂದ್ರನ್ನ ತೆಗೆದುಬಿಡೋಣ ಅಂತೀಯಾ?"

ತೆರೆದ ಬಾಯಿ ಮುಚ್ಚಿತು.

ಡೊಳ್ಳನದು ಡ್ರಮ್ಮು, ಮಂದ್ರನದು ಬೇಸು. ಎರಡನ್ನೂ ಬೆರೆಸಿ ಹದ ಮಾಡುವವಳು ಡೊಳ್ಳನ ಅಕ್ಕ. ಈಗ ಎಲ್ಲರಿಗೂ ಅಕ್ಕ. ಮೇಲೆ ನಾಯಿ ಅಟ್ಟಿಸಿಕೊಂಡು ಬಂದಂತೆ ಓಡುವ ಡ್ರಮ್ಮು, ಕೆಳಗೆ ಹೊಟ್ಟೆಯೊಳಗೆ ಉರುಳುವ ಬೇಸು: ಅವರ ಡ್ರಮ್ ಅಂಡ್ ಬೇಸ್ ಅಂದರೆ ಅಷ್ಟೇ. ಮೊದಲು ಅವರು ನಾಲ್ವರಿದ್ದರು. ಕೀಬೋರ್ಡು ನುಡಿಸುತ್ತಿದ್ದ ಪೀಪಿ, ಬ್ಯಾಂಕಿನ ಕೆಲಸ ಸಿಕ್ಕಿತೆಂದು ಬಿಟ್ಟುಹೋದ. ಉಳಿದವರು ತಮಗೆ 'ಮೂರೂ ಬಿಟ್ಟವರು' ಎಂದು ಹೆಸರಿಟ್ಟುಕೊಂಡು, ಹೋದವನ ಮೇಲೇ ಹಾಡು ಕಟ್ಟಿದರು. ಹಾಡಿನ ಹೆಸರು 'ಬಿಟ್ಟ ಸ್ಥಳ'.

ಯಾರ ದನಿಯನ್ನಾದರೂ ಕದಿಯಬಲ್ಲ ಮಂದ್ರ, ಪೀಪಿಯ ಮೂಗಿನಲ್ಲೇ "ನಾನು ಬಿಟ್ಟೆ, ನಾನು ಬಿಟ್ಟೆ" ಎಂದ. ಅಕ್ಕ ಅದನ್ನು ಚೂರು ಚೂರು ಮಾಡಿ ಡ್ರಮ್ಮಿನ ಮೇಲೆ ಉದುರಿಸಿದಳು. ಗ್ಯಾರೇಜಿನಲ್ಲಿದ್ದವರು ದೊಡ್ಡ ವೇದಿಕೆ ಹತ್ತಿದರು. ಎಲ್ಲಿಗೆ ಹೋದರೂ ಅದೇ ಹಾಡು ಬೇಕು. "ನಾನು ಬಿಟ್ಟೆ" ಅಂದಕೂಡಲೇ ಇಡೀ ಸಭಾಂಗಣ "ಓಡು, ಓಡು" ಅನ್ನಬೇಕು. ಬ್ಯಾಂಕಿನ ಕೌಂಟರಿನಲ್ಲೂ ಯಾರೋ ಪೀಪಿಗೆ ಹಾಗೇ ಅಂದರಂತೆ. ಆಮೇಲೊಮ್ಮೆ ಎದುರಾದಾಗ ಪೀಪಿ ಮಂದ್ರನನ್ನು ಕಂಡು ರಸ್ತೆ ದಾಟಿ ಆ ಬದಿಗೆ ಹೋದ. ಹೊಸ ಹಾಡುಗಳು ಬಂದವು, ಹೋದವು. 'ಬಿಟ್ಟ ಸ್ಥಳ' ಮಾತ್ರ ಬಿಡಲಿಲ್ಲ.

ಮಂದ್ರ ಹೆಡ್‌ಫೋನನ್ನು ಬಲಗಿವಿಗೆ ಒತ್ತಿಕೊಂಡ.

"ಅವನ ಬೇಸು ಕೇಳಿದ್ರೇ ಬೇಸರ," ಅಕ್ಕ ಹೇಳುತ್ತಿದ್ದಳು. "ಎಲ್ಲಾ ಹಳೇ ಸರಕು. ಮಂದ್ರನ ಕಿವಿ ಮಂದ ಆಗಿದೆ."

ಎಡಗಿವಿಯಲ್ಲಿ ಕುಕ್ಕರಿನ ಸೀಟಿಯಂಥ ಸದ್ದು ಕೂತು ವರ್ಷವಾಗಿತ್ತು. "ಬೇಸು ಬಿಡಿ, ಇಲ್ಲಾ ಕಿವಿ ಬಿಡಿ," ಎಂದಿದ್ದರು ಡಾಕ್ಟರು. ಹೆಂಡತಿಗೆ ಬಿಟ್ಟು ಬೇರಾರಿಗೂ ಹೇಳಿರಲಿಲ್ಲ. ಇವರಿಗೆ ಹೇಗೆ ಗೊತ್ತಾಯಿತು?

"ಇವನ ಮೇಲೂ ಒಂದು ಹಾಡು ಮಾಡೋಣ್ವಾ?" ಡೊಳ್ಳ ಕೇಳಿದ.

"ಥೂ. ಪೀಪಿ ತಾನಾಗಿ ಓಡಿಹೋದ. ಇವನನ್ನ ತೆಗೀತಿರೋದು ನಾವು. ಯಾವ ಬಾಯಲ್ಲೋ ಹಾಡ್ತೀಯ?"

ಮಂದ್ರ ಗೋಡೆಗೆ ಒರಗಿ ಕುಸಿದ. ಕಣ್ಣು ತುಂಬಿ ಬಂತು. ತುಟಿ ಕಚ್ಚಿ ಹಿಡಿದ. ಚೂರು ಸದ್ದು ಹೊರಟರೂ ಮೈಕು ಹಿಡಿದುಬಿಡುತ್ತದೆ, ಇವನು ಕೇಳಿಸಿಕೊಂಡನೆಂದು ತಿಳಿದರೆ ಅವರು ಮಾತು ತಿರುಗಿಸಿಬಿಡುತ್ತಾರೆ. ಹೊರಗಿನ ಮಾತು ಒಳಗೆ ಬಿಡುವ ಗುಂಡಿಯನ್ನು ಆರಿಸಲು ಅಕ್ಕ ಯಾವತ್ತೂ ಮರೆತವಳಲ್ಲ. ಇವತ್ತೇ ಹೇಗೆ ಮರೆತಳು ಎಂಬ ಯೋಚನೆ ಒಮ್ಮೆ ಇಣುಕಿತು. ಅದನ್ನು ಆಚೆ ತಳ್ಳಿದ.

ಫೋನು ತೆಗೆದು ಹೆಂಡತಿಗೆ ಬೆರಳಲ್ಲೇ ಹೇಳಿದ: "ನನ್ನ ತೆಗೀತಿದಾರೆ."

"ನಿಜವಾ?"

"ಕಿವಿಯಾರೆ ಕೇಳಿದೆ. ಒಂದೇ ಕಿವಿ, ಆದ್ರೂ ನಿಜ."

ಆ ಕಡೆಯಿಂದ ಉತ್ತರವೇ ಬರಲಿಲ್ಲ. ಅಳುತ್ತಿರಬೇಕು ಎಂದುಕೊಂಡ.

ಎದ್ದ. ತನ್ನ ವೈರುಗಳನ್ನು ಸುತ್ತಿದ. ಹೆಡ್‌ಫೋನಿಗೆ ಅಂಟಿಸಿದ್ದ ತನ್ನ ಹೆಸರಿನ ಪಟ್ಟಿ ಕಿತ್ತ. ಎಲ್ಲವನ್ನೂ ಚೀಲಕ್ಕೆ ತುಂಬಿ ಜಿಪ್ಪು ಎಳೆದ. ಅಕ್ಕ ಸುದ್ದಿ ಹೇಳುವಾಗ ಮುಖ ಹೇಗಿಟ್ಟುಕೊಳ್ಳುವುದೆಂದು ಫೋನಿನ ಕಪ್ಪು ಗಾಜಿನಲ್ಲಿ ನೋಡಿಕೊಂಡ. ಮೊದಲ ಸಲ ಸರಿಬರಲಿಲ್ಲ. ಇನ್ನೊಮ್ಮೆ ಮಾಡಿದ.

ಬಾಗಿಲು ತೆರೆಯಿತು.

ಡೊಳ್ಳ ಹೊಟ್ಟೆ ಹಿಡಿದುಕೊಂಡು ನಿಂತಿದ್ದ. ಅಕ್ಕನ ಕೈಯಲ್ಲಿ ಸ್ಕ್ರೂಡ್ರೈವರು.

"ಸ್ಕ್ರೂ ಲೂಸು ಮಾಡಿದ್ದು ನಾನು," ಅಂದಳು. "ಲೂಸಾಗಿದ್ದು ನೀನು."

"ಬಯ್ತೀಯ, ಬೊಬ್ಬೆ ಹಾಕ್ತೀಯ, ಹೊಸ ಹಾಡಿಗೆ ಒಂದು ಒಳ್ಳೇ ಕೂಗು ಸಿಗುತ್ತೆ ಅಂತ ರೆಕಾರ್ಡಿಗೆ ಹಾಕಿದ್ವಿ," ಡೊಳ್ಳ ಹೇಳಿದ. "ಮಂದ, ಗಿಂದ ಅಂತ ಬಾಯಿಗೆ ಬಂದಿದ್ದೆಲ್ಲಾ ಅಂದ್ವಿ. ಕಮಕ್ ಕಿಮಕ್ ಅನ್ನಲಿಲ್ವಲ್ಲೋ."

ಅಕ್ಕನ ಕಣ್ಣು ಚೀಲದ ಮೇಲೆ ಬಿತ್ತು. ನಗು ನಿಂತಿತು. ಅವನ ಕೆಂಪು ಕಣ್ಣು ನೋಡಿ ಹತ್ತಿರ ಬಂದು ತಲೆ ಸವರಿದಳು.

"ಹುಚ್ಚಪ್ಪ, ನಿಜ ಅಂದ್ಕೊಂಡು ಗಂಟುಮೂಟೆ ಕಟ್ಟಿಬಿಟ್ಟಿದ್ಯಾ? ನಿನ್ನ ಬಿಡ್ತೀವೇನೋ ನಾವು? ಸಾಯೋವರೆಗೂ ಬಿಡಲ್ಲ."

ಮಂದ್ರನ ಫೋನು ರಿಂಗಾಯಿತು. ಮಗಳು. ಬಲಗಿವಿಗೆ ಇಟ್ಟುಕೊಂಡ.

"ಅಪ್ಪಾ, ಕೊನೆಗೂ ನಿನ್ನ ಬಿಟ್ಬಿಟ್ರಂತೆ? ಅಮ್ಮ 'ಕಿವಿ ಉಳೀತು' ಅಂತ ಅಡುಗೆಮನೇಲಿ ಕುಣೀತಿದಾಳೆ. ಬೇಗ ಬಾ."

"ಏನಂತೋ ಮಗಳು?" ಡೊಳ್ಳ ನಗುತ್ತಲೇ ಕೇಳಿದ.

ಮಂದ್ರನೂ ನಕ್ಕ, ಮೂವರಲ್ಲಿ ಎಲ್ಲರಿಗಿಂತ ಜೋರಾಗಿ. ಹೊಸ ಹಾಡಿಗೆ ಬೇಕಾದ್ದು ಸಿಕ್ಕಿತು ಎಂದು ಅಕ್ಕ ಓಡಿಹೋಗಿ ರೆಕಾರ್ಡಿಂಗ್ ಗುಂಡಿ ಒತ್ತಿದಳು.