ಮೂವತ್ತೇಳು ಹಲ್ಲಿನ ರೋಗಿ

"ಮೂವತ್ತೇಳು ಹಲ್ಲಾ?" ಪ್ರೋಗ್ರಾಮರ್ ಹುಡುಗಿ ದಾಖಲೆ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದಳು. "ಈ ಸಾಲಿಗೆ ಬಂದು ನನ್ನ ಸ್ಕ್ರಿಪ್ಟ್ ನಿಂತೇ ಹೋಯ್ತು ಕಣ್ರೀ."

"ತುಂಬಾ ನಗೋ ಮನುಷ್ಯ ಇರಬೇಕು ಮೇಡಂ," ಎಂದ ಗುಮಾಸ್ತ, ತಲೆ ಎತ್ತದೆ.

ದಂತ ಆಸ್ಪತ್ರೆಯ ಹಳೆಯ ಚೀಟಿಗಳನ್ನು ಅವನು ಟೈಪ್ ಮಾಡಿ ಕೊಡುತ್ತಿದ್ದ. ಅವಳು ಬರೆದ ಪುಟ್ಟ ಪ್ರೋಗ್ರಾಂ, ಆ ಸ್ಕ್ರಿಪ್ಟ್, ಅವನ್ನು ಹೊಸ ಡೇಟಾಬೇಸಿಗೆ ತುಂಬಿಸುತ್ತಿತ್ತು. ಮೊದಲ ದಿನ ಚೀಟಿಗಳನ್ನು ನೋಡಲು ಬಂದವಳು ಅವನ ಜೊತೆ ಟೀ ಕುಡಿದು ಹೋಗಿದ್ದಳು. ಆಮೇಲಿಂದ ಒಂದು ಸಾಲು ತಪ್ಪಿದರೂ ಡೇಟಾಬೇಸ್ ಮೂಗು ಮುರಿಯುತ್ತಿತ್ತು, ಸ್ಕ್ರಿಪ್ಟ್ ಅಲ್ಲೇ ಕೈಚೆಲ್ಲಿ ಕೂರುತ್ತಿತ್ತು. ಆಗ ಅವಳು ಮಹಡಿಯಿಂದ ಇಳಿದು ಬರುತ್ತಿದ್ದಳು. ಮೇಜಿನ ಮೇಲೆ ಫೋನಿದ್ದರೂ ಇಳಿದೇ ಬರುತ್ತಿದ್ದಳು. ಇಬ್ಬರೂ ಚೀಟಿ ಹುಡುಕಿ ತಿದ್ದುವಷ್ಟರಲ್ಲಿ ಟೀ ಬರುತ್ತಿತ್ತು, ಮಾತು ಬೆಳೆಯುತ್ತಿತ್ತು.

ಮೊದಲ ಸಲದ್ದು ನಿಜಕ್ಕೂ ಕೈತಪ್ಪು. ಆಮೇಲೆ ಗುಮಾಸ್ತನ ಬೆರಳಿಗೆ ರುಚಿ ಹತ್ತಿತು. ತುಂಬಿಸುವ ಕೆಲಸ ಮುಗಿದರೆ ಅವಳು ಬೇರೆ ಊರಿಗೆ ಹೊರಡುವವಳು. ಅದಕ್ಕೇ ನಿನ್ನೆ ಫೆಬ್ರವರಿ ಮೂವತ್ತಕ್ಕೆ ಒಂದು ಮಗುವನ್ನು ಹುಟ್ಟಿಸಿದ್ದ.

"ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ್ರೆ ಯಾರಿಗೂ ಕಾಣ್ಸಲ್ವೇನೋ?" ಸ್ವಾಗತ ಮೇಜಿನ ಅಕ್ಕ ಅವತ್ತು ಸಂಜೆ ಚುಚ್ಚಿದಳು. "ಹಲ್ಲಾಸ್ಪತ್ರೇಲಿದ್ದೂ ಬಾಯಿ ಬಿಡೋಕೆ ಬರಲ್ವಲ್ಲ ನಿಂಗೆ!"

"ಇಲ್ಲ ಅಂದ್ಬಿಟ್ರೆ, ಅಕ್ಕಾ?"

ಮರುದಿನ ದೊಡ್ಡ ಡಾಕ್ಟರರ ತಾಳ್ಮೆ ಕೆಟ್ಟಿತು. ಹಿರಿಯ ಪ್ರೋಗ್ರಾಮರೊಬ್ಬರನ್ನು ಕರೆಸಿದರು. ಅವರು ದಾಖಲೆ ಕೋಣೆಯಲ್ಲೇ ಹುಡುಗಿಯ ಲ್ಯಾಪ್‌ಟಾಪ್ ತೆರೆದು ಕೂತರು.

"ಒಂದು ಕೆಟ್ಟ ಸಾಲಿಗೆ ಇಡೀ ಸ್ಕ್ರಿಪ್ಟ್ ಯಾಕಮ್ಮಾ ನಿಲ್ಲಬೇಕು?" ಹಿರಿಯರು ಗದರಿದರು. "ತಪ್ಪಿದ್ದನ್ನ ಬದಿಗಿಟ್ಟು ಮುಂದೆ ಹೋಗು ಅಂತ ನಾಲ್ಕು ಸಾಲು ಬರೆದಿದ್ರೆ ಎಂದೋ ಮುಗೀತಿತ್ತು. ಇಷ್ಟೂ ಗೊತ್ತಿಲ್ಲದೆ ಕೆಲಸಕ್ಕೆ ಬಂದ್ಯಾ?"

ಗುಮಾಸ್ತನಿಗೆ ತಡೆಯಲಾಗಲಿಲ್ಲ; ಕೆಲಸ ಹೋದರೆ ಹೋಗಲಿ ಎಂದು ಎದ್ದು ನಿಂತ.

"ಅವರನ್ನ ಬೈಬೇಡಿ ಸಾರ್. ಬೇಕಂತಲೇ ತಪ್ಪು ಹೊಡೀತಿದ್ದದ್ದು ನಾನು. ನಿಂತ್ರೆ... ಅವರು ಕೆಳಗೆ ಬರ್ತಾರೆ ಅಂತ."

ಹಿರಿಯರು ಅವನತ್ತ ತಿರುಗಲೂ ಇಲ್ಲ. ಕನ್ನಡಕ ಸರಿಮಾಡಿಕೊಂಡು ಪರದೆಗೆ ಇನ್ನಷ್ಟು ಬಗ್ಗಿದರು.

"ಅರೆ! ಆ ನಾಲ್ಕು ಸಾಲು ಇಲ್ಲೇ ಇದೆಯಲ್ಲ! ಮೊದಲ ದಿನಾನೇ ಬರೆದಿದ್ದೀಯ. ಮತ್ತೆ ಇದನ್ನ ಆಫ್ ಮಾಡಿದ್ದು ಯಾರು?"

"ನಾನೇ ಸಾರ್," ಎಂದಳು ಹುಡುಗಿ, ಗುಮಾಸ್ತನನ್ನೇ ನೋಡುತ್ತ. "ಇವರ ಜೊತೆ ಮೊದಲನೇ ಟೀ ಕುಡಿದು ಮೇಲೆ ಹೋದ ತಕ್ಷಣ."