ತೋಳವನ್ನು ಹಿಡಿದ ಕುರಿ

ಮೇಣದಬತ್ತಿಯ ವಾಸನೆ ಬಂದರೆ ಈಗಲೂ ನನಗೆ ತುಮಕೂರಿನ ಕಾನ್ವೆಂಟಿನ ಲ್ಯಾಟಿನ್ ಕ್ಲಾಸೇ ನೆನಪಾಗುತ್ತದೆ. ಗ್ರಾಮರ್ ಮುಗಿದು ಪೊಯೆಟ್ರಿ ಶುರುವಾಗಿತ್ತು. ಅಂದು ಮಧ್ಯಾಹ್ನ ಪದ್ಯದ ಅರ್ಥ ತಪ್ಪಿದರೆ ನನ್ನನ್ನು ಲ್ಯಾಟಿನ್ ಕ್ಲಾಸಿನಿಂದಲೇ ಬಿಡಿಸುವುದಾಗಿ ಸಿಸ್ಟರ್ ಹೇಳಿದ್ದರು. ಲ್ಯಾಟಿನ್ ಸಾಲನ್ನು ಪದಗಳು ಬಂದ ಕ್ರಮದಲ್ಲೇ ಇಂಗ್ಲಿಷ್ ಮಾಡಿ, “ದ ಶೀಪ್ ಕಾಟ್ ದ ವುಲ್ಫ್” ಅಂದೆ.

“ನಿಮ್ ಕೋರದ ಕುರಿ ಬಲು ಜೋರು ಕಣೇ!” ಪಕ್ಕದವಳು ನಮ್ಮೂರಿನ ಹೆಸರೆತ್ತಿ ಕಿಸಕ್ಕನೆ ನಕ್ಕಳು.

ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಸಿಸ್ಟರೇ ಕನ್ನಡದಲ್ಲಿ ಕೇಳಿದರು: “ತೋಳ ಬಂದ್ರೆ ನಿಮ್ಮೂರಲ್ಲಿ ಏನಂತ ಕೂಗ್ತಾರೆ?”

“ಕುರೀನ ತೋಳ ಹಿಡೀತು ಅಂತ, ಸಿಸ್ಟರ್.”

“ಆ ‘ನ’ ಇಲ್ದಿದ್ರೆ ಯಾರು ಯಾರನ್ನ ಹಿಡಿದ್ರು ಅಂತ ಗೊತ್ತಾಗತ್ತಾ? ಲ್ಯಾಟಿನ್ನೂ ಹಂಗೇ ಕಣಮ್ಮ, ಪದದ ಬಾಲ ನೋಡು.”

ಅವರು ಪುಸ್ತಕವನ್ನು ನನ್ನತ್ತ ತಿರುಗಿಸಿದರು. “ಮುಂದಿನ ಸಾಲೂ ನೀನೇ ಹೇಳು. ಕನ್ನಡದಲ್ಲೇ.”