ದಡಾರದ ಸೂಜಿ

ಸ್ಪಿರಿಟ್ ವಾಸನೆ ಬಂದರೆ ಈಗಲೂ ದವಾಖಾನೆಯ ಆ ಮಧ್ಯಾಹ್ನ ನೆನಪಾಗುತ್ತದೆ. ದಡಾರದ ಸೂಜಿ ಮಾಡಿಸಿದ ಮೇಲೆ ತಮ್ಮನ ತೋಳು ಬಾತು, ಮೈ ಸುಡುತ್ತಿತ್ತು. ಹಾನಗಲ್ ಬಸ್ಸು ಸಿಗದೆ ಅವ್ವ ಅವನನ್ನು ಎತ್ತಿಕೊಂಡು ನಡೆದೇ ಬಂದಿದ್ದಳು. ನಾನು ಅವಳ ಸೆರಗು ಹಿಡಿದು ನಿಂತಿದ್ದೆ.

“ಒಂಚೂರು ನೋಡ್ರಿ, ಸಾಹೇಬ್ರ.”

ಡಾಕ್ಟರು ತಲೆ ಎತ್ತಲಿಲ್ಲ. “ಸೂಜಿ ಮಾಡಿದ್ರ ಜ್ವರಾ ಬರತೈತಿ. ಹೋಗವಾ.”

ಮರುದಿನ ಜ್ವರ ಇಳಿಯಿತು, ಅವ್ವನ ಸಿಟ್ಟು ಇಳಿಯಲಿಲ್ಲ. ಓಣಿಯ ಹೆಂಗಸರಿಗೆಲ್ಲ, “ಆ ಸೂಜಿ ಯಾರೂ ಮಾಡಸಬ್ಯಾಡ್ರಿ” ಅಂದಳು. ಮುಂದೆ ನರ್ಸಬಾಯಿ ಸೂಜಿ ಮಾಡಲು ಬಂದಾಗ ಒಂದು ಬಾಗಿಲೂ ತೆರೆಯಲಿಲ್ಲ.

ಬೇಸಿಗೆಯಲ್ಲಿ ದಡಾರ ಬಂತು. ಓಣಿಯ ಕೂಸುಗಳೆಲ್ಲ ಮಲಗಿದವು. ಪಕ್ಕದ ಮನೆ ಗಂಗಕ್ಕನ ಮಗಳು ಏಳಲೇ ಇಲ್ಲ. ತಮ್ಮ ಮಾತ್ರ ಅಂಗಳದಲ್ಲಿ ನಗುತ್ತ ಆಡುತ್ತಿದ್ದ. ಗಂಗಕ್ಕ ಕಟ್ಟೆಯ ಮೇಲೆ ಕುಳಿತದ್ದು ಕಂಡು ಅವ್ವ ತಲೆ ತಗ್ಗಿಸಿ ಓಡಿಬಂದು ಅವನನ್ನು ಎತ್ತಿಕೊಂಡು ಒಳಗೆ ಹೊರಟಳು.

ಗಂಗಕ್ಕ, “ಇರಲಿ ಬಿಡ ತಂಗಿ, ಆಡಲಿ” ಅಂದಳು.